ಊಟದ ಲೆಕ್ಕವೂ ಫೋನಿನ ದೊಡ್ಡ ಖಾತೆಯೂ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ವೈದ್ಯನಲ್ಲ, ಯಂತ್ರಶಾಸ್ತ್ರ ಬಲ್ಲವನೂ ಅಲ್ಲ. ಫೋರ್ಟಿನ ಒಂದು ಕಚೇರಿಯಲ್ಲಿ ಮೂವತ್ತೆಂಟು ವರ್ಷ ಕೀರ್ದಿ, ಖಾತೆ ಬರೆದು ನಿವೃತ್ತನಾದ ಗುಮಾಸ್ತ. ಮಾತಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಯಾವುದಾದರೊಂದು ಕಾದಂಬರಿಯ ವಿಷಯ ಎತ್ತಿಕೊಳ್ಳುವೆನೆಂದು ಅವರು ಎಣಿಸಿರಬೇಕು. ಆದರೆ ಕೆಲವು ತಿಂಗಳಿಂದ ನನ್ನ ತಲೆಯಲ್ಲಿ ಕೂತಿರುವುದು ಬೇರೆಯೇ ಒಂದು ಲೆಕ್ಕ. ತಿಂದದ್ದನ್ನು ಬರೆದಿಟ್ಟುಕೊಳ್ಳುವ ಆ್ಯಪುಗಳು ಈಗ ಫೋನಿಗೆ ಬಂದಿವೆ. ಅದೇ ಫೋನಿನೊಳಗೆ ಆರೋಗ್ಯದ ಒಂದು ದೊಡ್ಡ ಖಾತೆಯೂ ಇದೆ. ಇವೆರಡರ ನಡುವೆ ನಮಗೆ ತಿಳಿದೋ ತಿಳಿಯದೆಯೋ ನಡೆಯುವ ಕೊಡುಕೊಳ್ಳುವಿಕೆಯೇ ಇಂದಿನ ವಿಷಯ.

ಇದು ಜುಹೂ ಕಡೆಯ ಬಂಗಲೆಯವರಿಗೆ ಸೇರಿದ ಮಾತೆಂದು ನಗಬೇಡಿ. ವಾಕೋಲದ ಹೋಟೆಲಿನಲ್ಲಿ ತಟ್ಟೆ ಎತ್ತುವ ಹುಡುಗನ ಕೈಯಲ್ಲಿಯೂ ಇಂದು ಫೋನು ಉಂಟು. ಸಾವಿರದೈನೂರು ರೂಪಾಯಿಗೆ ಹೆಜ್ಜೆ ಎಣಿಸುವ ಗಡಿಯಾರ ಸಿಗುತ್ತದೆ. ಸಕ್ಕರೆ ಕಾಯಿಲೆಯಂತೂ ಬಡವ ಬಲ್ಲಿದರೆಂಬ ಭೇದ ನೋಡುವುದಿಲ್ಲ.

ನನ್ನ ತಂಗಿಯ ಗಂಡ ಇಲ್ಲಿಯೇ ಸಾಂತಾಕ್ರೂಜ್ ಪೂರ್ವದ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂರುವವರು. ಕುಂದಾಪುರದ ಕಡೆಯವರು. ಹದಿನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದು, ರಾತ್ರಿಶಾಲೆಯಲ್ಲಿ ಓದಿ, ಲೋಟ ತೊಳೆಯುವುದರಿಂದ ಗಲ್ಲೆಯವರೆಗೆ ಬಂದವರು. ಆರು ವರ್ಷದಿಂದ ಸಕ್ಕರೆ ಕಾಯಿಲೆ, ಮಾತ್ರೆ ನಡೆಯುತ್ತಿದೆ. ಮಗ ಅಂಧೇರಿಯಲ್ಲಿ ಕೆಲಸಕ್ಕಿದ್ದಾನೆ. ತಂದೆಯ ಮೇಲಿನ ಪ್ರೀತಿಯಿಂದ ಒಂದು ಗಡಿಯಾರ ತಂದು ಅವರ ಕೈಗೆ ಕಟ್ಟಿದ, ಫೋನಿಗೆ ಊಟದ ಆ್ಯಪು ಹಾಕಿದ, ದಿನಕ್ಕೆ ಇಷ್ಟು ಕ್ಯಾಲೊರಿ ಎಂದು ಮಿತಿ ಗೊತ್ತು ಮಾಡಿದ.

ಮೂರು ತಿಂಗಳು ಭಾವ ಶ್ರದ್ಧೆಯಿಂದ ಬರೆದರು. ಪ್ರತಿದಿನವೂ ಫೋನು ಹಸಿರು ಬಣ್ಣ ತೋರಿಸಿ, ಮಿತಿಯೊಳಗೇ ಇದ್ದೀರಿ, ಇನ್ನೂ ಇಷ್ಟು ಬಾಕಿ ಇದೆ ಎಂದು ಹೇಳುತ್ತಿತ್ತು. ಬಾಕಿ ಇದ್ದದ್ದನ್ನು ಅವರು ರಾತ್ರಿ ಊಟದಲ್ಲಿ ತೀರಿಸುತ್ತಿದ್ದರು. ಮೂರು ತಿಂಗಳ ಕೊನೆಗೆ ರಕ್ತಪರೀಕ್ಷೆಯಾಯಿತು. ಎಚ್‌ಬಿಎ1ಸಿ ಎಂಬ ಅಂಕಿ 7.1 ಇದ್ದದ್ದು 8.3ಕ್ಕೆ ಏರಿತ್ತು. ತೂಕ ಎರಡೂವರೆ ಕಿಲೋ ಹೆಚ್ಚಿತ್ತು. ಈ ಪರೀಕ್ಷೆಯ ಗುಣವನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ಇದು ಆ ದಿನದ ಸಕ್ಕರೆಯನ್ನು ಹೇಳುವುದಲ್ಲ. ಕೆಂಪು ರಕ್ತಕಣಗಳ ಆಯುಸ್ಸು ಸುಮಾರು 120 ದಿನ. ಅಷ್ಟು ಕಾಲ ಅವುಗಳಿಗೆ ಅಂಟಿಕೊಂಡ ಸಕ್ಕರೆಯಿಂದ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ಪರೀಕ್ಷೆಯ ಹಿಂದಿನ ದಿನ ಉಪವಾಸ ಮಾಡಿ ಮೋಸಗೊಳಿಸಲು ಬರುವುದಿಲ್ಲ.

ಡಾಕ್ಟರು ಫೋನಿನ ಹಸಿರು ಗೆರೆಗಳನ್ನೂ ರಕ್ತದ ಚೀಟಿಯನ್ನೂ ನೋಡಿ, "ನೀವು ತಿಂದದ್ದನ್ನೆಲ್ಲ ಬರೆಯುತ್ತಿಲ್ಲ" ಎಂದರಂತೆ. ಸಕ್ಕರೆ ಏರಿದ್ದಕ್ಕಿಂತ ಈ ಮಾತು ಭಾವನಿಗೆ ಹೆಚ್ಚು ನೋವು ಕೊಟ್ಟಿತು. ಇಪ್ಪತ್ತೆರಡು ವರ್ಷ ಗಲ್ಲೆಯಲ್ಲಿ ಕುಳಿತು ರಾತ್ರಿಯ ತಾಳೆಯಲ್ಲಿ ಐದು ರೂಪಾಯಿ ಹೆಚ್ಚು ಕಡಿಮೆ ಮಾಡದ ಮನುಷ್ಯ. ಅಂದು ನನ್ನ ಮನೆಗೆ ಬಂದು ಫೋನನ್ನು ಮೇಜಿನ ಮೇಲಿಟ್ಟರು. "ಭಾವ, ನೀವು ಲೆಕ್ಕದವರು. ನಾನು ಸುಳ್ಳು ಬರೆದದ್ದು ಎಲ್ಲಿ ಉಂಟು, ತೋರಿಸಿ" ಎಂದರು.

ಮೂರು ಭಾನುವಾರ ಹಿಡಿಯಿತು. ಆ ಮೂರು ಭಾನುವಾರ ಕಲಿತದ್ದನ್ನೇ ತಮ್ಮ ಮುಂದೆ ಇಡುತ್ತೇನೆ.

ಮೊದಲು ಈ ದೊಡ್ಡ ಖಾತೆ ಎಂದರೇನು ಎಂಬುದನ್ನು ಹೇಳಿಬಿಡಬೇಕು. ಐಫೋನಿನಲ್ಲಿ ಇದು 2014ರಲ್ಲಿ ಬಂತು, ಹೆಸರು ಹೆಲ್ತ್. ಆಂಡ್ರಾಯ್ಡ್ ಫೋನುಗಳಿಗಾಗಿ ಗೂಗಲ್ ಸಂಸ್ಥೆಯು ಸ್ಯಾಮ್‌ಸಂಗ್‌ನವರ ಜೊತೆ ಸೇರಿ 2022ರಲ್ಲಿ ಹೆಲ್ತ್ ಕನೆಕ್ಟ್ ಎಂಬುದನ್ನು ಪ್ರಕಟಿಸಿತು. 2023ರಲ್ಲಿ ಬಂದ ಆಂಡ್ರಾಯ್ಡ್ 14ರಿಂದ ಅದು ಫೋನಿನ ಸೆಟ್ಟಿಂಗ್ಸ್‌ನಲ್ಲಿಯೇ ಸೇರಿಕೊಂಡಿದೆ. ಅದಕ್ಕೂ ಹಳೆಯ ಫೋನಾದರೆ ಪ್ಲೇ ಸ್ಟೋರಿನಿಂದ ಬೇರೆಯಾಗಿ ಹಾಕಿಕೊಳ್ಳಬೇಕು. ಇದನ್ನೂ ಸರಕಾರದ ಆಭಾ ಸಂಖ್ಯೆಯನ್ನೂ ಒಂದೇ ಎಂದು ತಿಳಿಯಬಾರದು. 14 ಅಂಕಿಯ ಆಭಾ 2021ರಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿಗೆ ಸೇರಿದ್ದು. ಆಸ್ಪತ್ರೆ, ಲ್ಯಾಬುಗಳ ಕಾಗದಪತ್ರಗಳನ್ನು ಒಂದಕ್ಕೊಂದು ಜೋಡಿಸುವುದಕ್ಕಾಗಿ ಇರುವುದು. ನಾನು ಹೇಳುತ್ತಿರುವುದು ಫೋನಿನೊಳಗಿನ ಖಾತೆಯ ಮಾತು.

ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಒಂದೊಂದು ಆ್ಯಪೂ ಒಂದೊಂದು ರೋಜುಕೀರ್ದಿ. ಗಡಿಯಾರದವರದು ಹೆಜ್ಜೆಗಳ ಕೀರ್ದಿ, ತೂಕದ ಯಂತ್ರದವರದು ತೂಕದ ಕೀರ್ದಿ, ಸಕ್ಕರೆ ಅಳೆಯುವ ಯಂತ್ರದವರದು ಇನ್ನೊಂದು, ಊಟದ್ದು ಮತ್ತೊಂದು. ಹಿಂದೆ ಇವು ಒಂದರ ಲೆಕ್ಕವನ್ನು ಇನ್ನೊಂದು ತಿಳಿಯಬೇಕಾದರೆ ಜೋಡಿ ಜೋಡಿಯಾಗಿ ಸೇರಿಸಬೇಕಿತ್ತು. ನಾಲ್ಕು ಆ್ಯಪುಗಳಿಗೆ ಆರು ದಾರಿ. ಆರು ಆ್ಯಪುಗಳಾದರೆ ಹದಿನೈದು. ಈಗ ನಡುವೆ ಒಂದು ದೊಡ್ಡ ಖಾತೆ ಇಟ್ಟು, ಎಲ್ಲರೂ ತಮ್ಮ ಲೆಕ್ಕವನ್ನು ಅಲ್ಲಿಗೆ ಏರಿಸುವುದು, ಬೇಕಾದವರು ಅಲ್ಲಿಂದಲೇ ಓದಿಕೊಳ್ಳುವುದು. ಬುದ್ಧಿವಂತಿಕೆಯ ಏರ್ಪಾಡೇ ಸರಿ. ಇದನ್ನು ನಾನು ಹಳಿಯುವುದಿಲ್ಲ.

ಇಲ್ಲಿ ಎರಡು ಬೇರೆ ಬೇರೆ ಪರವಾನಗಿಗಳಿವೆ. ಒಂದು ಬರೆಯುವ ಪರವಾನಗಿ. ಇನ್ನೊಂದು ಓದುವ ಪರವಾನಗಿ. ಅದೂ ಒಂದೊಂದು ಬಾಬಿಗೂ ಬೇರೆ ಬೇರೆ. ಊಟದ ಆ್ಯಪಿಗೆ ಪೋಷಕಾಂಶಗಳನ್ನು ಬರೆಯಲು ಒಪ್ಪಿ, ತೂಕವನ್ನು ಓದಲು ಒಪ್ಪಿ, ನಿದ್ರೆಯ ಲೆಕ್ಕವನ್ನು ಮುಟ್ಟಬೇಡ ಎನ್ನಬಹುದು. ಈ ಅಧಿಕಾರ ಪೂರ್ತಿಯಾಗಿ ಫೋನಿನ ಮಾಲೀಕರದು. ಆದರೆ ಪರವಾನಗಿ ಕೇಳುವ ಪುಟದಲ್ಲಿ ಎಲ್ಲಕ್ಕೂ ಮೇಲೆ ಒಂದು ಗುಂಡಿ ಇರುತ್ತದೆ: ಎಲ್ಲವನ್ನೂ ಅನುಮತಿಸಿ. ದಣಿದ ಮನುಷ್ಯ ಅದನ್ನೇ ಒತ್ತುತ್ತಾನೆ. ಭಾವನೂ ಒತ್ತಿದ್ದರು.

ಭಾವನ ಫೋನಿನಲ್ಲಿ ನಾನು ಮೊದಲು ಹಿಡಿದ ತಪ್ಪು ಗುಮಾಸ್ತರೆಲ್ಲರೂ ಬಲ್ಲ ಹಳೆಯ ತಪ್ಪು. ಒಂದೇ ಚೀಟಿ ಎರಡು ಸಲ ಖಾತೆಗೆ ಏರಿತ್ತು. ಮಗ ಮೊದಲ ದಿನವೇ ಗಡಿಯಾರದ ಆ್ಯಪನ್ನೂ ಊಟದ ಆ್ಯಪನ್ನೂ ನೇರವಾಗಿ ಜೋಡಿಸಿದ್ದ. ಎರಡು ವಾರದ ಮೇಲೆ ಊಟದ ಆ್ಯಪು ತಾನಾಗಿ, ಹೆಲ್ತ್ ಕನೆಕ್ಟಿಗೂ ಸೇರಿಸಲೇ ಎಂದು ಕೇಳಿತು. ಭಾವ ಆಗಲಿ ಎಂದರು. ಮನೆಯಿಂದ ಹೋಟೆಲಿಗೆ, ಹೋಟೆಲಿನಿಂದ ಮಾರ್ಕೆಟಿಗೆ, ಅಲ್ಲಿಂದ ಮನೆಗೆ ಅವರು ನಡೆಯುವುದು ದಿನಕ್ಕೆ ಸುಮಾರು 6,000 ಹೆಜ್ಜೆ. ಆ್ಯಪು ಅದಕ್ಕೆ 220 ಕ್ಯಾಲೊರಿ ಜಮಾ ಹಿಡಿಯುತ್ತಿತ್ತು. ಅದೇ ನಡಿಗೆ ದೊಡ್ಡ ಖಾತೆಯ ಮೂಲಕವೂ ಬಂದಾಗ ಇನ್ನೊಂದು 220. ದೊಡ್ಡ ಖಾತೆಗೆ ಇಂಥದ್ದನ್ನು ತಡೆಯುವ ಉಪಾಯ ಇಲ್ಲವೆಂದಲ್ಲ. ಫೋನೂ ಗಡಿಯಾರವೂ ಒಂದೇ ಹೊತ್ತಿನ ಹೆಜ್ಜೆಗಳನ್ನು ಬರೆದರೆ, ಯಾರ ಮಾತು ಮೊದಲು ಎಂಬ ಅನುಕ್ರಮವನ್ನು ನೋಡಿ ಒಬ್ಬರದನ್ನೇ ಹಿಡಿಯುವ ವ್ಯವಸ್ಥೆ ಅಲ್ಲಿ ಇದೆ. ಆದರೆ ತನ್ನ ಬಾಗಿಲಿನಿಂದ ಬಾರದೆ ಹಿತ್ತಿಲಿನಿಂದ ಬಂದ ಚೀಟಿಯ ಸುದ್ದಿ ಅದಕ್ಕೆ ತಿಳಿಯುವುದು ಹೇಗೆ?

ಇಷ್ಟಕ್ಕೇ ಮುಗಿಯಲಿಲ್ಲ. ಆ್ಯಪು ಹಾಕಿದ ದಿನ ನಿಮ್ಮ ಕೆಲಸ ಎಂಥದ್ದೆಂದು ಅದು ಕೇಳಿತ್ತು. ಹೋಟೆಲಿನವರಲ್ಲವೆ ಎಂದು ಮಗ 'ತುಂಬ ಓಡಾಟದ ಕೆಲಸ' ಎಂಬುದನ್ನು ಆರಿಸಿದ್ದ. ಗಲ್ಲೆಯ ಕುರ್ಚಿಯಲ್ಲಿ ಹತ್ತು ತಾಸು ಕೂರುವವರಿಗೆ ಓಡಾಟ ಎಲ್ಲಿಂದ ಬರಬೇಕು? ಹಾಗೆ ಆರಿಸಿದಾಗಲೇ ದಿನದ ಮಿತಿಯಲ್ಲಿ ನಡಿಗೆಯ ಪಾಲು ಸೇರಿಹೋಗಿತ್ತು. ಅಂದರೆ ಒಂದೇ ನಡಿಗೆಗೆ ಮೂರು ಸಲ ಜಮಾ.

ಆ ಎರಡನೆಯ ಜಮೆಯನ್ನು ಮಾತ್ರ ಹಿಡಿಯೋಣ. ದಿನಕ್ಕೆ 220 ಎಂದರೆ ಒಂದು ತುಂಬಿದ ಬಟ್ಟಲು ಅನ್ನ. 90 ದಿನಕ್ಕೆ 19,800. ಮೈಯ ಕೊಬ್ಬು ಒಂದು ಕಿಲೋಗೆ ಸುಮಾರು 7,700 ಕ್ಯಾಲೊರಿ ಎಂಬ ಒರಟು ಲೆಕ್ಕವೊಂದುಂಟು. ಭಾಗಿಸಿ ನೋಡಿದೆ, ಎರಡೂವರೆ ಕಿಲೋಗಿಂತ ತುಸು ಹೆಚ್ಚು ಬಂತು. ದೇಹವು ಅಷ್ಟು ನೇರವಾಗಿ ಭಾಗಾಕಾರ ಮಾಡುವುದಿಲ್ಲವೆಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೂ ತಾಳೆ ಬಿದ್ದ ಲೆಕ್ಕವನ್ನು ಕಂಡರೆ ಗುಮಾಸ್ತನಿಗೆ ಆಗುವ ಸಂತೋಷವನ್ನು ನಾನು ತಮ್ಮಿಂದ ಮುಚ್ಚಿಡಲಾರೆ. "ಭಾವ, ನೀವು ಸುಳ್ಳು ಬರೆಯಲಿಲ್ಲ, ಫೋನು ಬರೆಯಿತು" ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಆ ಬಟ್ಟಲು ಅನ್ನ ಉಂಡದ್ದು ಫೋನೋ ನಾನೋ?" ಎಂದರು.

ಎರಡನೆಯ ತಪ್ಪು ಹೋಟೆಲಿನ ಕೆಲಸದವರೆಲ್ಲರಿಗೂ ಸಂಬಂಧಿಸಿದ್ದು. ದಯವಿಟ್ಟು ಗಮನವಿಟ್ಟು ಕೇಳಬೇಕು. ಹೋಟೆಲು ಮುಚ್ಚುವಾಗ ರಾತ್ರಿ ಹನ್ನೆರಡು. ಭಾವ ಊಟಕ್ಕೆ ಕೂರುವುದು ಹನ್ನೆರಡೂ ನಲವತ್ತಕ್ಕೆ. ನಮ್ಮ ಮನಸ್ಸಿನಲ್ಲಿ ಅದು ಮಂಗಳವಾರದ ರಾತ್ರಿ ಊಟವೇ. ಆದರೆ ಖಾತೆಯಲ್ಲಿ ಪ್ರತಿಯೊಂದು ಬಾಬಿಗೂ ಗಡಿಯಾರದ ಹೊತ್ತು ಅಂಟಿರುತ್ತದೆ. ದಿನದ ಮೊತ್ತ ಕೂಡುವವರು ಮಧ್ಯರಾತ್ರಿಗೆ ಗೆರೆ ಎಳೆಯುತ್ತಾರೆ. ಹೀಗಾಗಿ ಮಂಗಳವಾರದ ಊಟ ಬುಧವಾರದ ಲೆಕ್ಕಕ್ಕೆ ಹೋಯಿತು. ದಿನವೂ ಹೀಗೆಯೇ ಆದರೆ ಬಾಧಕವಿಲ್ಲ, ಒಂದು ದಿನ ಮುಂದೆ ಸರಿದಂತೆ ಆಯಿತು ಅಷ್ಟೆ. ಆದರೆ ಬುಧವಾರ ಭಾವನಿಗೆ ರಜೆ. ಅಂದು ಮನೆಯಲ್ಲಿ ರಾತ್ರಿ ಒಂಬತ್ತಕ್ಕೇ ಊಟ. ಬುಧವಾರದ ಲೆಕ್ಕದಲ್ಲಿ ಎರಡು ರಾತ್ರಿ ಊಟ ಸೇರಿ ಫೋನು ಕೆಂಪಾಗುತ್ತಿತ್ತು. ಗುರುವಾರದ ಲೆಕ್ಕದಲ್ಲಿ ರಾತ್ರಿ ಊಟವೇ ಇಲ್ಲ. ಸಂಜೆಯ ಹೊತ್ತಿಗೆ ಕೈತುಂಬ ಬಾಕಿ. ಗುರುವಾರ ಸಂಜೆ ಭಾವ ಎರಡು ತುಂಡು ಮೈಸೂರು ಪಾಕು ತಿನ್ನುತ್ತಿದ್ದ ರಹಸ್ಯ ಹೀಗೆ ಹೊರಬಿತ್ತು. ಅವರು ಅದನ್ನು ಬರೆದೂ ಇದ್ದರು, ಮಿತಿಯೊಳಗೇ ಇತ್ತು!

ಇದಕ್ಕೆ ನನಗೆ ಕಂಡ ಉಪಾಯ ಇಷ್ಟೆ. ರಾತ್ರಿ ಪಾಳಿಯವರು ಒಂದು ದಿನದ ಮೊತ್ತವನ್ನು ನೋಡಬಾರದು, ಏಳು ದಿನದ ಸರಾಸರಿಯನ್ನು ನೋಡಬೇಕು. ಡಾಕ್ಟರಿಗೆ ತೋರಿಸುವಾಗಲೂ ಅದನ್ನೇ ತೋರಿಸಬೇಕು. ತಾವು ಎಷ್ಟು ಹೊತ್ತಿಗೆ ಉಣ್ಣುವವರೆಂಬುದನ್ನು ಬಾಯಿಬಿಟ್ಟು ಹೇಳಬೇಕು.

ಇನ್ನು ಅಂಕಿಗಳ ಮೂಲ. ಊಟದ ಆ್ಯಪಿಗೆ ಒಂದು ಇಡ್ಲಿಗೆ ಇಷ್ಟು ಎಂದು ಯಾರು ಹೇಳಿಕೊಟ್ಟರು? ನಮ್ಮ ದೇಶದ ಮಟ್ಟಿಗೆ ಈ ಲೆಕ್ಕದ ತವರುಮನೆ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಮ್ಯಾಕ್‌ಕ್ಯಾರಿಸನ್ ಎಂಬವರು ಬೆರಿಬೆರಿ ರೋಗದ ವಿಚಾರಣೆಗೆಂದು ಒಂದು ಸಣ್ಣ ಪ್ರಯೋಗಶಾಲೆ ತೆರೆದರು; ಅದೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಬಂತು. ಕೂನೂರಿನಲ್ಲಿದ್ದಾಗಲೇ, 1937ರಲ್ಲಿ, ಐಕ್ರಾಯ್ಡ್ ಎಂಬವರು ಭಾರತದ ಆಹಾರಗಳ ಪೋಷಕ ಬೆಲೆಯ ಪಟ್ಟಿಯನ್ನು ಒಂದು ಸಣ್ಣ ಪುಸ್ತಿಕೆಯಾಗಿ ಹೊರತಂದಿದ್ದರು. 2017ರಲ್ಲಿ ಅದೇ ಸಂಸ್ಥೆ ದೇಶದ ಬೇರೆ ಬೇರೆ ಪ್ರಾಂತಗಳಿಂದ ಮಾದರಿ ತರಿಸಿ 528 ಆಹಾರ ಪದಾರ್ಥಗಳನ್ನು ಹೊಸದಾಗಿ ಅಳೆದು ಕೋಷ್ಟಕ ಪ್ರಕಟಿಸಿತು. ರಾಗಿಯಲ್ಲಿ 100 ಗ್ರಾಮಿಗೆ 364 ಮಿಲಿಗ್ರಾಂ ಸುಣ್ಣದ ಅಂಶ ಎಂಬ ಲೆಕ್ಕ ಅಲ್ಲಿಯದು. ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಮನ್ನೂ ಮುಟ್ಟುವುದಿಲ್ಲ. ಬಯಲುಸೀಮೆಯ ಗೆಳೆಯರು ಇದನ್ನು ಕೇಳಿ ನಮ್ಮ ಕರಾವಳಿಯವರ ಕಡೆ ನೋಡಿ ನಗುತ್ತಿದ್ದಾರೆ, ನಗಲಿ.

ಆದರೆ ಆ ಕೋಷ್ಟಕ ಹೆಚ್ಚಾಗಿ ಹಸಿ ಪದಾರ್ಥಗಳದು. ನಾವು ಉಣ್ಣುವುದು ಬೇಯಿಸಿದ್ದನ್ನು. 100 ಗ್ರಾಂ ಅಕ್ಕಿಗೆ ಸುಮಾರು 350 ಕ್ಯಾಲೊರಿ. ಅದೇ ಅಕ್ಕಿ ನೀರು ಕುಡಿದು ಅನ್ನವಾದಾಗ ತೂಕ ಮೂರರಷ್ಟಾಗಿ, 100 ಗ್ರಾಂ ಅನ್ನಕ್ಕೆ 120 ಚಿಲ್ಲರೆಗೆ ಇಳಿಯುತ್ತದೆ. ಆ್ಯಪಿನಲ್ಲಿ ಅನ್ನ ಎಂದು ಹುಡುಕಿ ಅಕ್ಕಿಯ ಸಾಲನ್ನು ಒತ್ತಿದರೆ, ಇಲ್ಲವೆ ಅಕ್ಕಿ ಅಳೆದು ಅನ್ನದ ಸಾಲನ್ನು ಒತ್ತಿದರೆ, ಲೆಕ್ಕ ಮೂರು ಪಾಲು ಆ ಕಡೆಗೋ ಈ ಕಡೆಗೋ ಹೋಗುತ್ತದೆ. 2005ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಮೈಫಿಟ್ನೆಸ್‌ಪಾಲ್‌ನಂಥ ಆ್ಯಪುಗಳಲ್ಲಿ ಬಳಸುವವರೇ ಹೊಸ ತಿನಿಸುಗಳನ್ನು ಸೇರಿಸಬಹುದು. ಯಾರದೋ ಮನೆಯ ನೀರುದೋಸೆಯ ದಪ್ಪ ನಮ್ಮ ಮನೆಯದಕ್ಕೆ ಸರಿಹೊಂದಬೇಕೆಂದಿಲ್ಲ. 2012ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹೆಲ್ತಿಫೈಮಿ ನಮ್ಮ ತಿಂಡಿಗಳನ್ನು ಹೆಸರು ಹಿಡಿದು ಗುರುತಿಸುತ್ತದೆ ಎಂಬುದು ನಿಜ. ಆದರೂ 'ಒಂದು ಬಟ್ಟಲು' ಎಂಬುದು ಯಾರ ಬಟ್ಟಲು? ಭಾವನ ಬಟ್ಟಲನ್ನು ತಂಗಿಯ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿದೆವು. ಆ್ಯಪು 150 ಗ್ರಾಂ ಎಂದು ಹಿಡಿದಿತ್ತು, ತೂಗಿದರೆ 240.

ಇದರಲ್ಲಿ ದೊಡ್ಡ ಖಾತೆಯ ಪಾಲು ಏನೆಂದು ಕೇಳಬಹುದು. ಊಟದ ಆ್ಯಪಿನಲ್ಲಿ 'ಅನ್ನ, ಒಂದು ಬಟ್ಟಲು' ಎಂದು ಇರುವವರೆಗೆ ತಪ್ಪನ್ನು ಕಣ್ಣಿನಿಂದ ಹಿಡಿಯಬಹುದು. ಅದು ದೊಡ್ಡ ಖಾತೆಗೆ ಏರಿ, ಅಲ್ಲಿಂದ ಇನ್ನೊಂದು ಆ್ಯಪಿಗೆ ಇಳಿಯುವ ಹೊತ್ತಿಗೆ ಅನೇಕ ವೇಳೆ ಉಳಿಯುವುದು ಬರೇ ಅಂಕಿ: ಪಿಷ್ಟ ಇಷ್ಟು, ಸಸಾರಜನಕ ಇಷ್ಟು, ಕೊಬ್ಬು ಇಷ್ಟು. ಬಟ್ಟಲು ಮಾಯವಾಗಿರುತ್ತದೆ. ಕೀರ್ದಿಯಲ್ಲಿ ವಿವರ, ಖಾತೆಯಲ್ಲಿ ಮೊತ್ತ; ಖಾತೆಯನ್ನು ಮಾತ್ರ ನೋಡುವ ಲೆಕ್ಕ ತಪಾಸಣೆಯವನಿಗೆ ಚೀಟಿಯ ತಪ್ಪು ಕಾಣುವುದಿಲ್ಲ. ಬೇರೆ ಆ್ಯಪಿನ ಪರದೆಯ ಮೇಲೆ ಚೆಂದದ ಗೆರೆಯಾಗಿ ಬಂದಾಗ ಅದಕ್ಕೆ ಇಲ್ಲದ ಮರ್ಯಾದೆಯೂ ಬಂದುಬಿಡುತ್ತದೆ.

ಉಪ್ಪಿನ ವಿಷಯದಲ್ಲಿ ಇನ್ನೂ ವಿಚಿತ್ರ. ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ, ಅಂದರೆ ಸುಮಾರು 2,000 ಮಿಲಿಗ್ರಾಂ ಸೋಡಿಯಂ ಒಳಗೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನವೂ ಉಪ್ಪಿನಕಾಯಿ, ಸಾಂಬಾರು, ಹಪ್ಪಳ ತಿನ್ನುವ ಭಾವನ ಖಾತೆಯಲ್ಲಿ ಸೋಡಿಯಂ 600 ಎಂದು ಇತ್ತು. ಸಾಧುಸಂತರಿಗೂ ಸಾಧ್ಯವಿಲ್ಲದ ಅಂಕಿ. ನೋಡಿದರೆ ಅವರು ಆರಿಸಿದ್ದ ಹೆಚ್ಚಿನ ತಿನಿಸುಗಳಲ್ಲಿ ಸೋಡಿಯಂ ಕಲಮು ತುಂಬಿಯೇ ಇರಲಿಲ್ಲ. ಖಾಲಿ ಬಿಟ್ಟದ್ದನ್ನು ಸೊನ್ನೆಯೆಂದು ಕೂಡಿದ್ದರು. ರಕ್ತದ ಒತ್ತಡ ಇರುವವರು ಈ ಒಂದು ಅಂಕಿಯನ್ನು ಮಾತ್ರ ಫೋನಿನಿಂದ ನಂಬಬೇಡಿರೆಂದು ಕೈಮುಗಿದು ಕೇಳುತ್ತೇನೆ.

ನಾಲ್ಕನೆಯ ಭಾನುವಾರ ನಾವಿಬ್ಬರೂ ಒಂದು ಹಾಳೆಯ ಮೇಲೆ ಇದನ್ನೆಲ್ಲ ಬರೆದೆವು. ಮರುದಿನ ಭಾವ ಅದನ್ನು ಡಾಕ್ಟರಿಗೆ ಕೊಟ್ಟರು. ಡಾಕ್ಟರು ಓದಿ, ತಾನು ಅಂದದ್ದು ತಪ್ಪಾಯಿತು ಎಂದರಂತೆ. ಭಾವ ಆ ಹಾಳೆಯನ್ನು ಈಗಲೂ ಗಲ್ಲೆಯ ಡ್ರಾಯರಿನಲ್ಲಿ ಇಟ್ಟಿದ್ದಾರೆ. ಜೋಡಣೆ ಒಂದೇ ದಾರಿಯಿಂದ, ನಡಿಗೆಯ ಜಮೆ ಊಟದ ಮಿತಿಗೆ ಸೇರದಂತೆ ನಿಲ್ಲಿಸಿದ್ದು, ಬಟ್ಟಲು ಬದಲಾದದ್ದು. ಮುಂದಿನ ಪರೀಕ್ಷೆಯಲ್ಲಿ ಅಂಕಿ 7.4ಕ್ಕೆ ಇಳಿಯಿತು. ಮಾತ್ರೆಯನ್ನೂ ಡಾಕ್ಟರು ಬದಲಿಸಿದ್ದರು. ಆದುದರಿಂದ ಪೂರ್ತಿ ಕೀರ್ತಿ ನನಗೆ ಬೇಡ.

ಇಲ್ಲಿಯವರೆಗೆ ಹೇಳಿದ್ದು ತಪ್ಪು ಲೆಕ್ಕದ ಕಥೆ. ಇನ್ನೊಂದು ಸರಿಯಾದ ಲೆಕ್ಕದ ಕಥೆ; ಅದು ಹೆಚ್ಚು ಭಯದ್ದು. ಕಲೀನಾ ಕಡೆ ಬಾಡಿಗೆಗೆ ಇರುವ, ಈ ವಾಚನಾಲಯಕ್ಕೆ ಬರುವ ಒಬ್ಬ ಹುಡುಗ ಒಂದು ಕಂಪೆನಿಯಲ್ಲಿ ಗುಮಾಸ್ತ. ಅವನಿಗೆ ಇಪ್ಪತ್ತೊಂಬತ್ತಕ್ಕೇ ಸಕ್ಕರೆ ಕಾಣಿಸಿಕೊಂಡಿತು. ಮನೆಯಲ್ಲಿ ಹೇಳಿರಲಿಲ್ಲ, ಮದುವೆಯ ಮಾತುಕತೆ ನಡೆಯುತ್ತಿತ್ತು. ತನ್ನ ಪಾಡಿಗೆ ತಾನು ಊಟದ ಲೆಕ್ಕ, ಸಕ್ಕರೆಯ ಲೆಕ್ಕ ಎರಡನ್ನೂ ಫೋನಿನಲ್ಲಿ ಬರೆಯುತ್ತಿದ್ದ. ಎರಡೂ ದೊಡ್ಡ ಖಾತೆಗೆ ಏರುತ್ತಿದ್ದವು. ಆಫೀಸಿನಲ್ಲಿ ಯಾರು ಹೆಚ್ಚು ನಡೆಯುತ್ತಾರೆಂಬ ಪಂದ್ಯ ಇಟ್ಟರು. ಎಲ್ಲರೂ ಒಂದು ಆ್ಯಪು ಹಾಕಿಕೊಳ್ಳಬೇಕಾಯಿತು. ಅದು ಪರವಾನಗಿ ಕೇಳಿತು. ಹುಡುಗ ಮೇಲಿನ ಗುಂಡಿ ಒತ್ತಿದ. ಹೆಜ್ಜೆ ಎಣಿಸಲು ಬಂದ ಆ್ಯಪು ಅವನ ಸಕ್ಕರೆ, ಊಟ, ನಿದ್ರೆ, ತೂಕ ಎಲ್ಲವನ್ನೂ ಓದುವ ಹಕ್ಕು ಪಡೆಯಿತು. ಅದು ಅವನಿಗೆ ತಿಳಿದದ್ದು ಎರಡು ತಿಂಗಳ ಮೇಲೆ, ನಾನು ಭಾವನ ಫೋನಿನ ಕಥೆ ಹೇಳುತ್ತಿದ್ದಾಗ. ಆಫೀಸಿನವರು ನೋಡಿದರೋ ಇಲ್ಲವೋ, ಇಂದಿಗೂ ಗೊತ್ತಿಲ್ಲ. "ಅಣ್ಣಾ, ಯಾರಾದರೂ ಚೆನ್ನಾಗಿದ್ದೀಯಾ ಎಂದು ಕೇಳಿದರೂ ಇವರಿಗೆ ಗೊತ್ತಾಗಿದೆಯೋ ಎನಿಸುತ್ತದೆ" ಎಂದ.

ಹೆಲ್ತ್ ಕನೆಕ್ಟಿನಲ್ಲಿ ಒಂದು ರಕ್ಷಣೆ ಉಂಟು. ಹೊಸದಾಗಿ ಪರವಾನಗಿ ಪಡೆದ ಆ್ಯಪು ಸಾಮಾನ್ಯವಾಗಿ ಅದಕ್ಕೂ ಹಿಂದಿನ 30 ದಿನಗಳ ಲೆಕ್ಕವನ್ನು ಮಾತ್ರ ಓದಬಹುದು. ಅದಕ್ಕಿಂತ ಹಳೆಯದಕ್ಕೆ ಬೇರೆಯೇ ಅನುಮತಿ ಕೇಳಬೇಕು. ದೊಡ್ಡ ಖಾತೆಯಿಂದ ತೆಗೆದುಕೊಂಡ ಲೆಕ್ಕವನ್ನು ಜಾಹೀರಾತಿಗೆ ಬಳಸಬಾರದೆಂದು ಆಪಲ್, ಗೂಗಲ್ ಎರಡೂ ಸಂಸ್ಥೆಗಳ ಕಟ್ಟಳೆ ಇದೆ. ಆದರೆ ನಾವೇ ನೇರವಾಗಿ ಊಟದ ಆ್ಯಪಿನಲ್ಲಿ ಬರೆದದ್ದು ಆ ಕಂಪೆನಿಯ ಕೈಗೆ ಮೊದಲೇ ಹೋಗಿರುತ್ತದೆ. ದೊಡ್ಡ ಖಾತೆಯ ಕಟ್ಟಳೆ ಅದನ್ನು ಕಟ್ಟುವುದಿಲ್ಲ. ಕಂಪೆನಿಯ ಉದ್ದೇಶ ಒಳ್ಳೆಯದೇ ಇದ್ದರೂ ಕಳ್ಳರು ಇದ್ದೇ ಇರುತ್ತಾರೆ. 2018ರಲ್ಲಿ ಮೈಫಿಟ್ನೆಸ್‌ಪಾಲ್‌ನ ಸುಮಾರು 15 ಕೋಟಿ ಖಾತೆಗಳ ಹೆಸರು, ಇಮೇಲು, ಗುಪ್ತಲಿಪಿಯಲ್ಲಿದ್ದ ಪಾಸ್‌ವರ್ಡು ಕಳವಾದದ್ದು ಆಗ ಜಗತ್ತಿಗೆಲ್ಲ ಸುದ್ದಿಯಾಗಿತ್ತು.

ನಮ್ಮ ಮೈಯ ಲೆಕ್ಕ ನಮ್ಮದು ಎಂದು ಹೇಳುವ ಹಕ್ಕು ನಮಗೆ ಇದೆಯೇ? ಇದೆ, ಅದನ್ನು ಕೇಳಿ ಪಡೆದವರು ಒಬ್ಬ ಕನ್ನಡಿಗರು ಎಂದು ಹೇಳಲು ನನಗೆ ಹೆಮ್ಮೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ದಾವೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಆ ತೀರ್ಪಿನ ಬೆನ್ನಿಗೆ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಕಟ್ಟಳೆಗಳ ಜಾರಿಗೆ 18 ತಿಂಗಳ ಗಡುವು ಇಟ್ಟಿದ್ದಾರೆ.

ಕಾಯಿದೆಯಲ್ಲಿ ಎರಡು ಮಾತು ನಮಗೆ ಮುಖ್ಯ. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವುದು ಕೊಟ್ಟಷ್ಟೇ ಸುಲಭವಾಗಿರಬೇಕು. ಮತ್ತು ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದಿಕೊಳ್ಳುವ ಅವಕಾಶ ಇರಬೇಕು. ಆ ಇಪ್ಪತ್ತೆರಡರಲ್ಲಿ ಕನ್ನಡವೂ ಇದೆ. ಮುಂಬಯಿಯಲ್ಲಿ ಕೂತು ಕನ್ನಡದಲ್ಲಿ ಸೂಚನೆ ಬೇಕೆಂದು ಕೇಳುವ ಹಕ್ಕು ನಮ್ಮದು. ನಾವು ಕೇಳದಿದ್ದರೆ ಯಾರೂ ತಾವಾಗಿ ಅಚ್ಚು ಹಾಕಿಸಿ ತಂದುಕೊಡುವುದಿಲ್ಲ. ಸಂಘದಿಂದ ಒಂದು ಮಾದರಿ ಪತ್ರ ಬರೆದಿಡಬೇಕೆಂದು ಕಾರ್ಯದರ್ಶಿಗಳಲ್ಲಿ ಅರಿಕೆ ಮಾಡಿಕೊಂಡಿದ್ದೇನೆ.

ಕೈಕೆಲಸದ ಮಾತು ಕೆಲವುಂಟು, ಬೇಗನೆ ಹೇಳಿಬಿಡುತ್ತೇನೆ. ಆಂಡ್ರಾಯ್ಡಿನವರು ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ಹೆಲ್ತ್ ಕನೆಕ್ಟ್ ಎಂದು ಬರೆಯಿರಿ. ಯಾವ ಆ್ಯಪಿಗೆ ಏನೇನು ಪರವಾನಗಿ ಎಂಬ ಪಟ್ಟಿ ಸಿಗುತ್ತದೆ. ಐಫೋನಿನವರು ಹೆಲ್ತ್ ತೆರೆದು ಮೇಲಿನ ತಮ್ಮ ಚಿತ್ರವನ್ನು ಒತ್ತಿ ಆ್ಯಪುಗಳ ಪಟ್ಟಿಗೆ ಹೋಗಬೇಕು. ಬೇಡದ್ದನ್ನು ಆರಿಸಬಹುದು. ಆದರೆ ಆರಿಸಿದರೆ ಮುಂದಿನ ಓದು ನಿಲ್ಲುತ್ತದೆಯೇ ಹೊರತು ಆಗಲೇ ಓದಿಕೊಂಡು ಹೋದದ್ದು ಹಿಂದೆ ಬರುವುದಿಲ್ಲ. ಅದಕ್ಕೆ ಆ ಆ್ಯಪಿನ ಒಳಗೆ ಹೋಗಿ ಖಾತೆಯನ್ನೇ ಅಳಿಸಲು ಕೇಳಬೇಕು. ಹಾಗೆಯೇ ಒಂದು ಆ್ಯಪನ್ನು ಫೋನಿನಿಂದ ಕಿತ್ತು ಹಾಕಿದರೂ ಅದು ದೊಡ್ಡ ಖಾತೆಯಲ್ಲಿ ಬರೆದಿಟ್ಟದ್ದು ಅಲ್ಲಿಯೇ ಇರುತ್ತದೆ. ಹಿಂದೆ ಗೂಗಲ್ ಫಿಟ್ ಮೂಲಕ ಜೋಡಿಸಿದ್ದವರು ಒಮ್ಮೆ ನೋಡಿಕೊಳ್ಳಿ. ಅದರ ಮೂಲಕ ಲೆಕ್ಕ ಹಂಚುವ ಏರ್ಪಾಡಿಗೆ 2024ರ ಮೇ 1ರಿಂದ ಹೊಸ ಆ್ಯಪುಗಳನ್ನು ಸೇರಿಸಿಕೊಳ್ಳುವುದನ್ನು ಗೂಗಲ್ ನಿಲ್ಲಿಸಿತು, ಏರ್ಪಾಡನ್ನೇ ಮುಚ್ಚುವುದಾಗಿಯೂ ಸಾರಿತು. ಫಿಟ್‌ನ ಲೆಕ್ಕ ಗೂಗಲ್‌ನವರ ಉಗ್ರಾಣದಲ್ಲಿ ಇರುತ್ತಿತ್ತು. ಹೆಲ್ತ್ ಕನೆಕ್ಟಿನದು ನಮ್ಮ ಫೋನಿನೊಳಗೇ ಇರುತ್ತದೆ. ಆದುದರಿಂದ ಹಳೆಯ ಫೋನನ್ನು ಮಾರುವ ಮುನ್ನ ಲೆಕ್ಕವನ್ನು ಹೊಸದಕ್ಕೆ ಸಾಗಿಸಿ, ಹಳೆಯದನ್ನು ಪೂರ್ತಿ ಅಳಿಸಿ ಕೊಡಬೇಕು.

ಕಲೀನಾದ ಹುಡುಗ ಪಂದ್ಯದ ಆ್ಯಪಿಗೆ ಈಗ ಹೆಜ್ಜೆಯನ್ನು ಮಾತ್ರ ಬಿಟ್ಟಿದ್ದಾನೆ. ಮನೆಯವರಿಗೂ ಹೇಳಿದ್ದಾನೆ, ಹೆಣ್ಣಿನ ಕಡೆಯವರಿಗೂ ತಾನೇ ಹೇಳಿದನಂತೆ. ಮುಂದಿನದು ಅವರವರ ಮನೆಯ ಮಾತು.

ಬರುವ ಭಾನುವಾರ ಸಂಜೆ ಐದರಿಂದ ಏಳರವರೆಗೆ ನಾನೂ ನನ್ನ ಸೋದರಳಿಯನೂ ಪತ್ರಿಕೆಗಳ ಮೇಜಿನ ಪಕ್ಕದಲ್ಲಿ ಕೂತಿರುತ್ತೇವೆ. ಯಾರಿಗೆ ತಮ್ಮ ಫೋನಿನ ಪರವಾನಗಿಗಳನ್ನು ನೋಡಿಕೊಳ್ಳಬೇಕೆಂದಿದೆಯೋ ಅವರು ಬರಬಹುದು. ಒತ್ತುವ ಬೆರಳು ನಿಮ್ಮದೇ ಇರಲಿ, ಫೋನನ್ನು ನಾವು ಮುಟ್ಟುವುದಿಲ್ಲ. ಊಟದ ಬಟ್ಟಲನ್ನು ತಂದರೆ ತೂಗಿಕೊಡುತ್ತೇವೆ, ತಕ್ಕಡಿಯನ್ನು ತಂಗಿಯಿಂದ ಕೇಳಿ ತರುತ್ತೇನೆ. ಫೋನನ್ನು ಮಾತ್ರ ಮನೆಯಲ್ಲೇ ಚಾರ್ಜು ಮಾಡಿಕೊಂಡು ಬನ್ನಿ. ವಾಚನಾಲಯದಲ್ಲಿ ಇರುವುದು ಒಂದೇ ಪ್ಲಗ್ಗು, ಅದರಲ್ಲಿ ಫ್ಯಾನು ಓಡುತ್ತಿರುತ್ತದೆ.